ಪಂಪಾವತಿ ಹಿಡಿದ ಕೂಗುಗಳು

ಆಗ ಹೊಳೆಗೆ ಸೇತುವೆ ಇರಲಿಲ್ಲ. ಈಚೆ ದಂಡೆಯಲ್ಲಿ ಹೊಳೆಮಠ, ಆಚೆ ದಂಡೆಯಲ್ಲಿ ಊರು, ನಡುವೆ ಹುಲಿಗೆಪ್ಪನ ಹರಿಗೋಲು.

ಈಗ ಸೇತುವೆ ಮೇಲೆ ಬಸ್ಸು ಓಡಾಡುತ್ತದೆ. ಕಿಟಕಿಯಿಂದ ಮಠದ ತಗಡಿನ ಮಾಡು ಒಂದು ಕ್ಷಣ ಕಾಣುತ್ತದೆ, ಅಷ್ಟರಲ್ಲಿ ಹುಣಸೆಮರ ಅಡ್ಡ ಬರುತ್ತದೆ. ಆ ಒಂದು ಕ್ಷಣಕ್ಕಾಗಿ ನಾನು ಜಗಳವಾಡಿಯಾದರೂ ಎಡಗಡೆಯ ಸೀಟು ಹಿಡಿಯುತ್ತೇನೆ.

ಆ ತಗಡಿನ ಕೆಳಗೆ ನಾವು ಪ್ರೋಗ್ರಾಮು ಬರೆಯುವುದನ್ನು ಕಲಿತೆವು. ನಗಬೇಡಿ. ಮಠದ ಸ್ವಾಮಿಗಳನ್ನು ನಾವು ಅಜ್ಜಾರು ಅನ್ನುತ್ತಿದ್ದೆವು. ಅವರು ಪೂರ್ವಾಶ್ರಮದಲ್ಲಿ ಏನಾಗಿದ್ದರು ಎಂದು ಕೇಳಬಾರದು ಎಂಬುದು ಮಠದ ನಿಯಮ. ಕೇಳದೆಯೇ ಎಲ್ಲರಿಗೂ ಗೊತ್ತಿತ್ತು.

ಯಾರೋ ಭಕ್ತರು ತಂದಿಟ್ಟ ಹಳೇ ಕಂಪ್ಯೂಟರುಗಳು. ಅವಕ್ಕೆ ಹರಿದ ಕಾವಿ ಬಟ್ಟೆಯಲ್ಲಿ ಹೊಲಿದ ಗವಸು. ಕರೆಂಟು ಇದ್ದಾಗ ಪಾಠ, ಹೋದಾಗ ದನದ ಕೊಟ್ಟಿಗೆ. ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆಯೂ ಸಗಣಿಯ ವಾಸನೆಯೂ ಒಟ್ಟಿಗೆ ಮೂಗಿಗೆ ಬಂದರೆ ಇವತ್ತಿಗೂ ನನಗೆ ಓದಬೇಕು ಅನ್ನಿಸುತ್ತದೆ.

ಮಠದಲ್ಲಿ ಎರಡು ಪದ್ಧತಿ ಬಿಗಿಯಾಗಿದ್ದವು. ಎಲ್ಲದರಲ್ಲೂ ಹಿರಿಯರು ಮೊದಲು. ಪಂಕ್ತಿಯಲ್ಲಿ, ಪೂಜೆಯಲ್ಲಿ, ಹರಿಗೋಲು ಹತ್ತುವುದರಲ್ಲಿ.

ಇನ್ನೊಂದು, ದೂರು ಹೇಳಬಾರದು. ಅನ್ನ ಅರೆಬೆಂದಿದ್ದರೂ ಉಣ್ಣಬೇಕು. ಜ್ವರ ಬಂದರೂ ಸುಮ್ಮನಿರಬೇಕು. ಅಜ್ಜಾರು ಕೇಳಿದರೆ ಹೇಳಬಹುದು, ತಾನಾಗಿ ಹೇಳುವಂತಿಲ್ಲ.

ಈ ಎರಡರಲ್ಲೂ ನಮ್ಮ ಜೊತೆ ಕಲಿಯುತ್ತಿದ್ದ ಪಂಪಾವತಿಯನ್ನು ಮೀರಿಸುವವರು ಇರಲಿಲ್ಲ. ಒಮ್ಮೆ ಒಲೆಯ ಮುಂದೆ ಅಂಗೈ ಸುಟ್ಟುಕೊಂಡಾಗ ಗಾಯ ಮಾಗಿದ ಮೇಲೆಯೇ ನಮಗೆ ತಿಳಿದದ್ದು. ನಾವು ಅವಳನ್ನು ಗೋಡೆ ಎಂದು ಛೇಡಿಸುತ್ತಿದ್ದೆವು. ಅದಕ್ಕೂ ಅವಳು ದೂರು ಹೇಳಲಿಲ್ಲ.

ಹೊಳೆಗೆ ಮೇಲುಗಡೆ ಒಂದು ಅಣೆಕಟ್ಟು ಇತ್ತು. ಅಲ್ಲಿ ನೀರು ಬಿಟ್ಟರೆ ನಮಗೆ ಯಾರೂ ತಿಳಿಸುತ್ತಿರಲಿಲ್ಲ. ಮೆಟ್ಟಿಲ ಮೇಲೆ ನಿಂತು ನೋಡಿದರೆ ಹೊಳೆ ಶಾಂತವಾಗಿಯೇ ಕಾಣುತ್ತಿತ್ತು. ಹರಿಗೋಲು ನಡುಹೊಳೆಗೆ ಹೋದಾಗ ನೀರು ಮೈಮೇಲೆ ಬರುತ್ತಿತ್ತು. ಹುಲಿಗೆಪ್ಪನ ಅಪ್ಪ ಹೋದದ್ದು ಹಾಗೆಯೇ.

ಮಠದಿಂದ ಮೇಲುಗಡೆ, ಹೊಳೆ ತಿರುಗುವ ಕಡೆ ಒಂದು ಬಂಡೆ ಇತ್ತು. ಅಲ್ಲಿ ನೀರು ಏರಿದರೆ ಸ್ವಲ್ಪ ಹೊತ್ತಿನಲ್ಲಿ ನಮ್ಮ ಕಡೆಯೂ ಏರುತ್ತದೆ ಎಂದು ಅರ್ಥ. ಅಜ್ಜಾರು ಎಷ್ಟೋ ವರ್ಷ ತಾವೇ ಆ ತಿರುವಿನಲ್ಲಿ ಕೂತು ನೀರು ನೋಡುತ್ತಿದ್ದರು. ಅವರು ಕೆಂಪು ಬಟ್ಟೆ ಏರಿಸಿದರೆ ಹುಲಿಗೆಪ್ಪ ಹರಿಗೋಲು ಬಿಡುತ್ತಿರಲಿಲ್ಲ.

ಅಜ್ಜಾರಿಗೆ ವಯಸ್ಸಾಯಿತು. ಒಂದು ದಿನ ಅವರು ಪಂಪಾವತಿಯನ್ನು ಕರೆದರು.

"ಕಣ್ಣು ಮಬ್ಬಾಗ್ಯಾವ ತಂಗಿ. ಹೊಳಿ ಕಾಯೋದು ಇನ್ನ ನಿನ್ನ ಕೆಲಸ."

ಬಂಡೆಗೆ ಒಂದು ಕೊಳವೆ ಕಟ್ಟಿ ಅದರೊಳಗೆ ಸೋರೆಬುರುಡೆ ತೇಲಿಬಿಟ್ಟೆವು. ನೀರು ಏರಿದರೆ ಬುರುಡೆ ಏರುತ್ತಿತ್ತು. ಅದು ಎಷ್ಟು ಎತ್ತರದಲ್ಲಿದೆ ಎಂಬ ಅಳತೆ ತಂತಿಯ ಮೂಲಕ ಮಠದ ಕಂಪ್ಯೂಟರಿಗೆ ಬರುತ್ತಿತ್ತು. ಹೊಳೆಯ ಮೆಟ್ಟಿಲ ಮೇಲೆ ದೀಪದ ಬೋರ್ಡು ನಿಲ್ಲಿಸಿದೆವು. ಹಸಿರು ದೀಪಕ್ಕೆ "ದಾಟಬಹುದು", ಕೆಂಪಿಗೆ "ನಿಲ್ಲಿ".

ಬುರುಡೆಗೂ ಬೋರ್ಡಿಗೂ ನಡುವೆ ಇದ್ದದ್ದು ಪಂಪಾವತಿಯ ಪ್ರೋಗ್ರಾಮು.

ಅದು ಒಂದು ದಿನವೂ ನಿಲ್ಲಲಿಲ್ಲ. ಗಾಳಿ ಬೀಸಿದರೂ, ತಂತಿಯ ಮೇಲೆ ಕೋತಿ ಕುಣಿದರೂ ಬೋರ್ಡು ಉರಿಯುತ್ತಲೇ ಇತ್ತು. ಆಚೆ ಊರಿನವರು ಸಂಜೆ ಬಂದು ನೋಡಿಕೊಂಡು ಹೋಗುತ್ತಿದ್ದರು. ಹುಲಿಗೆಪ್ಪ ಅದಕ್ಕೆ ಊದುಬತ್ತಿ ಹಚ್ಚಿ ಕೈಮುಗಿದದ್ದೂ ಉಂಟು. ಆ ದಿನಗಳಲ್ಲಿ ಪಂಪಾವತಿಯ ನಡಿಗೆಯೇ ಬೇರೆಯಾಗಿತ್ತು.

ಒಂದು ಮಧ್ಯಾಹ್ನ ಅಜ್ಜಾರು ಕನ್ನಡಕವನ್ನು ಪರದೆಗೆ ಮುಟ್ಟುವಷ್ಟು ಹತ್ತಿರ ತಂದು ಪ್ರೋಗ್ರಾಮು ಓದಿದರು.

ಇಲ್ಲಿ ಒಂದು ಮಾತು ಹೇಳಬೇಕು. ಪ್ರೋಗ್ರಾಮು ನಡೆಯುವಾಗ ಏನಾದರೂ ಕೆಟ್ಟರೆ ಅದು ಕೂಗು ಹಾಕುತ್ತದೆ. ಓದಿದವರು ಅದಕ್ಕೆ ಎಕ್ಸೆಪ್ಷನ್ ಅನ್ನುತ್ತಾರೆ. ಹೊಳೆಮಠದಲ್ಲಿ ನಾವು ಕೂಗು ಅಂತಲೇ ಅನ್ನುತ್ತಿದ್ದೆವು. ಆ ಕೂಗನ್ನು ಹಿಡಿಯಲು ಯಾರೂ ಇಲ್ಲದಿದ್ದರೆ ಪ್ರೋಗ್ರಾಮು ಅಲ್ಲೇ ನಿಲ್ಲುತ್ತದೆ. ಹಿಡಿದವರು ಏನು ಬೇಕಾದರೂ ಮಾಡಬಹುದು.

ಪಂಪಾವತಿ ಎಲ್ಲ ಕೂಗುಗಳನ್ನೂ ಒಂದೇ ಕೈಯಲ್ಲಿ ಹಿಡಿದಿದ್ದಳು.

"ಇದನ್ನ ಹಿಡದು ಏನ ಮಾಡತಿ?" ಅಂದರು ಅಜ್ಜಾರು.

"ನುಂಗತೀನ್ರಿ," ಅಂದಳು ಪಂಪಾವತಿ. "ಹಿಂದಿನ ಅಳತಿ ಐತೆಲ್ಲ, ಅದನ್ನ ಮತ್ತ ತೋರಸತೀನಿ. ಯಾರಿಗೂ ತ್ರಾಸ ಆಗಬಾರದಲ್ರಿ."

ಅಜ್ಜಾರು ತಲೆಯಾಡಿಸಿ ಎದ್ದು ಹೋದರು.

ಮರುದಿನ ಮುಂಜಾನೆ ಅವರು ಪಡಸಾಲೆಯಲ್ಲಿ ಒಂದು ಗಡಿಗೆ ಮಜ್ಜಿಗೆ ಇಟ್ಟುಕೊಂಡು ಕೂತರು. ಪಂಪಾವತಿಯನ್ನು ಪಕ್ಕಕ್ಕೆ ಕೂರಿಸಿಕೊಂಡರು. ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದು ಏನಾಗಿದೆ ಎಂದು ಕೇಳಿದರು.

ನನ್ನ ಕಾಲಿಗೆ ಜಾಲಿಮುಳ್ಳು ಹೊಕ್ಕಿತ್ತು. ನನಗೆ ಒಂದು ಲೋಟ ಮಜ್ಜಿಗೆ ಕೊಟ್ಟರು. ಇನ್ನೊಬ್ಬಳಿಗೆ ಮೈ ಸುಡುವ ಜ್ವರ. ಅವಳಿಗೂ ಮಜ್ಜಿಗೆ. ಊರಿನಿಂದ ತಂದೆಯ ಸುದ್ದಿ ಬಾರದೆ ಅಳುತ್ತಿದ್ದವನೊಬ್ಬನಿದ್ದ. ಅವನೂ ಮಜ್ಜಿಗೆ ಕುಡಿದ. ಬರೀ ಬಾಯಾರಿ ಬಂದಿದ್ದವನೊಬ್ಬ ಮಾತ್ರ ತೃಪ್ತಿಯಿಂದ ಎದ್ದು ಹೋದ.

ನಾನು ಮಜ್ಜಿಗೆ ಕುಡಿದು ಕುಂಟುತ್ತ ಹೊರಟೆ. ಪಂಪಾವತಿಗೆ ತಡೆಯಲಾಗಲಿಲ್ಲ.

"ಅಜ್ಜಾರ, ಅವನ ಕಾಲಾಗ ಮುಳ್ಳು ಐತ್ರಿ."

"ಐತಿ," ಅಂದರು ಅಜ್ಜಾರು. "ಎಲ್ಲಾರಿಗೂ ಒಂದ ಮದ್ದು. ನಿನ್ನ ಪದ್ಧತಿ ಭಾಳ ಹಗುರ ಐತಿ ನೋಡು. ನೋವಿನ ಹೆಸರು ಕೇಳೂ ತ್ರಾಸ ಇಲ್ಲ."

ಪಂಪಾವತಿ ಎದ್ದು ಸೂಜಿ ತಂದು ನನ್ನ ಮುಳ್ಳು ತೆಗೆದಳು. ನಾನು ಚೀರಿದೆ. ಮಠದ ನಿಯಮ ಮುರಿದದ್ದಕ್ಕೆ ಯಾರೂ ಬೈಯಲಿಲ್ಲ.

ಅಂದಿನಿಂದ ಅವಳು ಕೂಗುಗಳಿಗೆ ಹೆಸರಿಡತೊಡಗಿದಳು. ಕಂಪ್ಯೂಟರು ತಾನಾಗಿ ಕೊಡುವ ಹೆಸರುಗಳು ಅವಳಿಗೆ ಸಾಲಲಿಲ್ಲ. ಅವು ಹೊಳೆಯನ್ನು ನೋಡಿದವರು ಇಟ್ಟ ಹೆಸರುಗಳಲ್ಲ. ಅವಳು ತನ್ನವೇ ಮಾಡಿಕೊಂಡಳು.

ತಂತಿ ಕಡಿದರೆ ಒಂದು ಕೂಗು. ಅದಕ್ಕೆ ಬೋರ್ಡು ಕೆಂಪಾಗಬೇಕು. ಬ್ಯಾಟರಿ ಸೋತರೆ ಇನ್ನೊಂದು. ಅದಕ್ಕೆ ಮಠದ ಗಂಟೆ ಬಾರಿಸಬೇಕು, ಹೊಸ ಬ್ಯಾಟರಿ ಹೊತ್ತು ಯಾರಾದರೂ ಹೋಗಬೇಕು. ಹೊಳೆ ಗುಡಿಯ ಕಳಸಕ್ಕಿಂತ ಎತ್ತರ ಇದೆ ಎಂಬಂಥ ಆಗದ ಅಳತೆ ಬಂದರೆ ಅದಕ್ಕೂ ಒಂದು ಹೆಸರು, ಮತ್ತೊಮ್ಮೆ ಕೇಳು ಎಂಬ ಅಪ್ಪಣೆ. ಅಳತೆ ಕದಲದೆ ಒಂದೇ ಕಡೆ ನಿಂತರೆ ಬುರುಡೆ ಸಿಕ್ಕಿಕೊಂಡಿದೆ ಎಂಬ ಕೂಗು. ಆಗ ದಾಟುವುದನ್ನು ನಿಲ್ಲಿಸಿ ತಿರುವಿಗೆ ಹೋಗಿ ನೋಡಬೇಕು.

ಈ ಎಲ್ಲವೂ ಒಂದು ತಾಯಿ ಕೂಗಿನ ಮಕ್ಕಳು. ತಾಯಿಯ ಹೆಸರು ಹೊಳೆದೋಷ. ಯಾವ ಹೆಸರಿಗೂ ಒಗ್ಗದ ತೊಂದರೆ ಬಂದರೆ ತಾಯಿಯ ಲೆಕ್ಕಕ್ಕೆ. ತಾಯಿಗೆ ಮಾತ್ರ ಅವಳು ತನ್ನ ಹಳೇ ರೂಢಿಯನ್ನೇ ಉಳಿಸಿಕೊಂಡಿದ್ದಳು. ಸುಮ್ಮನೆ ನುಂಗುವುದು, ಹಿಂದಿನ ಅಳತೆ ತೋರಿಸುವುದು.

ಆಗ ಅವಳನ್ನು ನೋಡುವುದೇ ಒಂದು ಸಂಭ್ರಮ. ಹೊಳೆಯಲ್ಲಿ ಬಟ್ಟೆ ಒಗೆಯುತ್ತ ಕೈ ನಿಲ್ಲಿಸಿ, ಕೊಳವೆಯೊಳಗೆ ಮೀನು ಹೊಕ್ಕರೆ ಅದಕ್ಕೆ ಏನು ಹೆಸರು ಎಂದು ನಮ್ಮನ್ನು ಕೇಳುತ್ತಿದ್ದಳು. ನಾವು ಬಾಯಿಗೆ ಬಂದ ಹೆಸರು ಹೇಳಿ ನಗುತ್ತಿದ್ದೆವು. ಅವಳೂ ನಗುತ್ತಿದ್ದಳು. ಅಷ್ಟು ಹಗುರಾಗಿ ನಕ್ಕ ದಿನಗಳು ಆಮೇಲೆ ನಮಗ್ಯಾರಿಗೂ ಹೆಚ್ಚು ಸಿಗಲಿಲ್ಲ.

ಮುಗಿದ ಮೇಲೆ ಅಜ್ಜಾರಿಗೆ ತೋರಿಸಿದಳು. ಕರೆಂಟು ಹೋಗುವ ಹೊತ್ತಾಗಿತ್ತು. ಅವರು ಹೆಸರುಗಳನ್ನಷ್ಟೇ ಓದಿಸಿ ಕೇಳಿದರು. ಛಲೋ ಆಗೇತಿ ಅಂದರು. ಪಂಪಾವತಿ ಅಂದು ರೊಟ್ಟಿ ಹೆಚ್ಚಿಗೆ ತಿಂದಳು.

ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ಮುಂಜಾನೆ ಹುಲಿಗೆಪ್ಪ ಹರಿಗೋಲು ಕಟ್ಟದೆಯೇ ಮೆಟ್ಟಿಲು ಹತ್ತಿ ಬಂದ.

"ಅಜ್ಜಾರ, ನೀಲವ್ವ ನಿಮ್ಮನ್ನ ಕೇಳಾಕತ್ತಾಳ್ರಿ. ಭಾಳ ಹೊತ್ತು ಇಲ್ಲ ಅಂತಾರ."

ನೀಲವ್ವ ಅಜ್ಜಾರ ಅಕ್ಕ. ತಾಯಿ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ದೊಡ್ಡವನನ್ನಾಗಿ ಮಾಡಿದವಳು. ಅವಳ ಮನೆ ಆಚೆ ದಂಡೆಯಲ್ಲೇ ಇತ್ತು. ಆದರೆ ಕಾವಿ ಉಟ್ಟವರಿಗೆ ಅಕ್ಕ ತಂಗಿ ಇಲ್ಲ ಎಂದು ಅಜ್ಜಾರು ಒಮ್ಮೆಯೂ ಆ ಮನೆಗೆ ಹೋಗಿರಲಿಲ್ಲ. ಅವಳೂ ಕರೆದಿರಲಿಲ್ಲ. ಇದೇ ಮೊದಲ ಸಲ ಕರೆದದ್ದು.

ಅಜ್ಜಾರು ಕೋಲು ಕೂಡ ತೆಗೆದುಕೊಳ್ಳದೆ ಹೊಳೆಗೆ ಇಳಿದರು. ನಾವೆಲ್ಲ ಹಿಂದೆಯೇ ಹೋದೆವು. ಅವರು ಹುಲಿಗೆಪ್ಪನ ಹೆಗಲು ಹಿಡಿದು ಹರಿಗೋಲಿನಲ್ಲಿ ಕೂತರು.

ಬೋರ್ಡು ಹಸಿರಾಗಿತ್ತು.

ಪಂಪಾವತಿ ಮಠದೊಳಗೆ ಓಡಿ ಪರದೆ ನೋಡಿ ಬಂದಳು. ಅಜ್ಜಾರು ದಾಟುವ ಮುಂಚೆ ಅಳತೆ ಎಷ್ಟಿದೆ ಎಂದು ನೋಡುವ ಆಸೆ ಅವಳಿಗೆ. ತನ್ನ ಬೋರ್ಡನ್ನು ನಂಬಿ ಅವರು ದಾಟುವ ಮೊದಲ ದಿನ ಅದು.

ವಾಪಸು ಬಂದಾಗ ಅವಳ ಮುಖ ಸರಿ ಇರಲಿಲ್ಲ. ಬೆಳಗಿನ ಜಾವ ನೋಡಿದ್ದ ಅಳತೆಯೇ ಈಗಲೂ ಇತ್ತು. ಒಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಹೊಳೆ ಹಾಗೆ ಇರುವುದಿಲ್ಲ. ಎಮ್ಮೆ ಇಳಿದರೂ ಅದರ ಅಳತೆ ಕದಲುತ್ತದೆ. ಬುರುಡೆ ಸಿಕ್ಕಿಕೊಂಡರೆ ಕೂಗಬೇಕಾದ ಕೂಗು ಕೂಗಿರಲಿಲ್ಲ. ಅಥವಾ ಕೂಗಿದ್ದನ್ನು ಒಳಗೆ ಯಾರೋ ನುಂಗಿದ್ದರು.

"ಪಂಪಾ, ಬೋರ್ಡು ದಾಟಬಹುದು ಅಂತೈತಿ," ಅಂದರು ಅಜ್ಜಾರು. "ಹೋಗ್ಲೇನು?"

ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಆಚೆ ದಂಡೆಯಲ್ಲಿ ನೀಲವ್ವನ ಮನೆಯವರು ನಿಂತು ಕೈಬೀಸುತ್ತಿದ್ದರು. ಹುಲಿಗೆಪ್ಪ ಹುಟ್ಟನ್ನು ನೀರಿಗೆ ಇಟ್ಟಿದ್ದ. ಹೌದು ಅಂದುಬಿಡುವುದು ಎಷ್ಟು ಸುಲಭವಾಗಿತ್ತು. ಬಹುಶಃ ಏನೂ ಆಗುತ್ತಿರಲಿಲ್ಲ.

"ಗೊತ್ತಿಲ್ರಿ," ಅಂದಳು ಪಂಪಾವತಿ.

"ಏನಂದಿ?"

"ನೀರು ಎಷ್ಟೈತಿ ನನಗ ಗೊತ್ತಿಲ್ರಿ ಅಜ್ಜಾರ. ಬೋರ್ಡಿಗೂ ಗೊತ್ತಿಲ್ಲ. ಅದು ಸುಳ್ಳ ಹೇಳಾಕತ್ತೈತಿ. ಇಳೀರಿ."

ಮಠದಲ್ಲಿ ಯಾರೂ ಅಜ್ಜಾರಿಗೆ ಇಳೀರಿ ಎಂದು ಹೇಳಿದವರಿರಲಿಲ್ಲ.

ಅಜ್ಜಾರು ಆಚೆ ದಂಡೆಯನ್ನು ನೋಡಿದರು. ಅವರ ಮಬ್ಬುಗಣ್ಣಿಗೆ ಅಲ್ಲಿ ಏನು ಕಂಡಿತೋ. ಆಮೇಲೆ ಹರಿಗೋಲಿನ ಅಂಚು ಹಿಡಿದು ಎದ್ದರು. ಹುಲಿಗೆಪ್ಪ ಕೈಕೊಟ್ಟು ಇಳಿಸಿದ.

"ತಿರುವಿಗೆ ಓಡ್ರಿ," ಅಂದರು ನಮಗೆ.

ನಾವು ಓಡಿದೆವು. ದಂಡೆಯಗುಂಟ ಜಾಲಿಯ ಪೊದೆ, ಕೆಸರು, ಹೊಲದ ಬದು. ತಿರುವಿಗೆ ಹೋಗಿ ನೋಡಿದರೆ ಕೊಳವೆಯ ಬಾಯಿಗೆ ನೀರುಪಾಚಿ ಸುತ್ತಿಕೊಂಡು ಬುರುಡೆ ಮೇಲೂ ಹೋಗದೆ ಕೆಳಗೂ ಬಾರದೆ ನಿಂತಿತ್ತು. ಪಾಚಿ ಬಿಡಿಸಲು ಹೊತ್ತು ಹಿಡಿಯಿತು. ಒಬ್ಬರು ಕೊಳವೆ ಹಿಡಿಯಬೇಕು, ಒಬ್ಬರು ನೀರಿಗೆ ಇಳಿಯಬೇಕು.

ಹೊಳೆ ಏರಿರಲಿಲ್ಲ. ಬಂಡೆಯ ಮೇಲುಭಾಗ ಒಣಗಿಕೊಂಡೇ ಇತ್ತು.

ಅದನ್ನು ಹೇಳಲು ಮತ್ತೆ ಓಡಿ ಬರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಅಜ್ಜಾರು ಅದೇ ಮೆಟ್ಟಿಲ ಮೇಲೆ ಕೂತಿದ್ದರು. ಪಂಪಾವತಿ ಎರಡು ಮೆಟ್ಟಿಲು ಕೆಳಗೆ ಕೂತಿದ್ದಳು.

ಅಜ್ಜಾರು ದಾಟಿದರು. ನಾವು ಪಾಚಿ ಬಿಡಿಸುತ್ತಿದ್ದ ಹೊತ್ತಿನಲ್ಲೇ ನೀಲವ್ವ ಹೋಗಿದ್ದಳು.

ಸಂಜೆಗೆ ಮುಂಚೆ ಅವರು ವಾಪಸು ಬಂದರು. ನೀಲವ್ವನ ಮಗಳು ದೂರದ ಊರಿನಿಂದ ಬರಬೇಕಿತ್ತು. ಹಾಗಾಗಿ ಮಣ್ಣು ಮಾಡುವುದು ಮರುದಿನ. ಅವರು ಒಳಗೆ ಹೋಗದೆ ಮೆಟ್ಟಿಲ ಮೇಲೆಯೇ ಕೂತರು. ನಾವು ದೂರ ನಿಂತೆವು. ಪಂಪಾವತಿ ಹತ್ತಿರ ಹೋದಳು.

"ಯಾಕ ಹಂಗಾತು ಅಂತ ತಿಳೀತೇನು?" ಅಂದರು ಅಜ್ಜಾರು.

ತಿಳಿದಿತ್ತು. ಮಧ್ಯಾಹ್ನವೆಲ್ಲ ಅವಳು ಪರದೆಯ ಮುಂದೆಯೇ ಇದ್ದಳು. ಕೂಗು ಬಂದಾಗ ಕಂಪ್ಯೂಟರು ಹಿಡಿಯುವ ಕೈಗಳನ್ನು ಮೇಲಿನಿಂದ ಒಂದೊಂದಾಗಿ ಕೇಳುತ್ತ ಬರುತ್ತದೆ. ಮೊದಲು ಒಪ್ಪಿದ ಕೈ ಹಿಡಿದರೆ ಮುಗಿಯಿತು, ಕೆಳಗಿನವರನ್ನು ಕೇಳುವುದಿಲ್ಲ. ತಾಯಿಯನ್ನು ಹಿಡಿಯುವ ಕೈ ಮಕ್ಕಳನ್ನೂ ಹಿಡಿಯುತ್ತದೆ. ಪಂಪಾವತಿ ತಾಯಿಯನ್ನು ಎಲ್ಲರಿಗಿಂತ ಮೇಲೆ ಬರೆದಿದ್ದಳು. ಹೆಸರಿಟ್ಟು ಸಾಕಿದ ಮಕ್ಕಳಿಗೆ ಒಂದು ದಿನವೂ ಸರದಿ ಬಂದಿರಲಿಲ್ಲ.

"ಹಿರ್ಯಾರನ್ನ ಬಿಟ್ಟು ಸಣ್ಣವರ ಹೆಸರು ಮೊದಲ ಹೆಂಗ ಬರೀಲಿ ಅಂತ..." ಅಂದಳು.

ಅಜ್ಜಾರು ಹೊಳೆಯನ್ನೇ ನೋಡುತ್ತ ಹೇಳಿದರು.

"ಮಠದ ಪಂಕ್ತಿ ನೋಡಿ ಬರದೀ. ಅದನ್ನ ಕಲಿಸಿದಾವ ನಾನ. ನಮ್ಮಕ್ಕ ಎಂದೂ ಮೊದಲ ಉಂಡಾಕಿ ಅಲ್ಲ. ನಮಗೆಲ್ಲಾ ನೀಡಿ, ಯಾರಿಗೆ ಏನ ಬೇಕು ಕೇಳಿ, ಕಡೀಕ ಕುಂದರತಿದ್ಲು. ಗಡಿಗ್ಯಾಗ ಏನ ಉಳೀತೋ ಅದು ಆಕೀದು."

ಪಂಪಾವತಿ ಎದ್ದು ಒಳಗೆ ಹೋದಳು. ಮಕ್ಕಳನ್ನೆಲ್ಲ ಮೇಲೆ ತಂದಳು, ತಾಯಿಯನ್ನು ಕೊನೆಗೆ ಇಟ್ಟಳು. ತಾಯಿಯ ಕೆಳಗಿದ್ದ ಹಳೇ ಸಾಲು ಅಳಿಸಿದಳು. ಹಿಂದಿನ ಅಳತೆ ತೋರಿಸುವ ಸಾಲು ಅದು. ಅಲ್ಲಿ ಬೋರ್ಡು ಕೆಂಪಾಗಿ "ನೀರು ಎಷ್ಟಿದೆ ಗೊತ್ತಿಲ್ಲ" ಎಂದು ಹೇಳುವಂತೆ ಬರೆದಳು. ಬೇಕೆಂದೇ ಬುರುಡೆಯ ತಂತಿ ಕಿತ್ತು ನೋಡಿದಳು, ಬ್ಯಾಟರಿ ತೆಗೆದು ನೋಡಿದಳು. ಒಂದೊಂದು ಕೂಗೂ ತನ್ನ ತನ್ನ ಕೈಗೆ ಹೋಯಿತು.

ಹೊರಗೆ ಬಂದಾಗ ಅಜ್ಜಾರು ಹಾಗೆಯೇ ಕೂತಿದ್ದರು. ಆಚೆ ದಂಡೆಯಲ್ಲಿ ಭಜನೆ ಶುರುವಾಗಿತ್ತು. ತಾಳದ ಸದ್ದು ನೀರಿನ ಮೇಲೆ ಬರುತ್ತಿತ್ತು. ಅಜ್ಜಾರ ಕೆನ್ನೆ ಒದ್ದೆಯಾಗಿದ್ದನ್ನು ನಾವೆಲ್ಲ ನೋಡಿದೆವು. ಅವರೂ ಮುಚ್ಚಿಕೊಳ್ಳಲಿಲ್ಲ.

ಪಂಪಾವತಿ ಅವರ ಕಾಲ ಬಳಿ ಕುಸಿದು ಕೂತಳು. ಅಷ್ಟು ವರ್ಷ ಒಳಗೇ ಇಟ್ಟುಕೊಂಡದ್ದೆಲ್ಲ ಒಮ್ಮೆಗೇ ಹೊರಗೆ ಬಂತು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಹೊಳಿ ಏರಲಿಲ್ರಿ ಅಜ್ಜಾರ," ಅಂದಳು. "ನಾ ಸುಮ್ಮನಿದ್ದಿದ್ರ ನೀವು ಅಕ್ಕಾರ ಮುಖ ನೋಡತಿದ್ರಿ."

"ನೋಡತಿದ್ದೆ," ಅಂದರು ಅಜ್ಜಾರು.

ಅವಳ ತಲೆಯ ಮೇಲೆ ಕೈ ಇಟ್ಟರು. ಭಜನೆ ಒಂದು ಹಾಡು ಮುಗಿದು ಇನ್ನೊಂದಕ್ಕೆ ಹೊರಳುವವರೆಗೂ ಆ ಕೈ ಅಲ್ಲೇ ಇತ್ತು.

"ನಾಳೆ ಮುಂಜಾನೆ ಮಣ್ಣಿಗೆ ಹೋಗಬೇಕು," ಅಂದರು. "ದಾಟೂ ಮುಂದ ಮತ್ತ ಕೇಳತೀನಿ. ಗೊತ್ತಿಲ್ಲದಿದ್ರ ಇವತ್ತಿನಂಗ ಹೇಳು."